ಡ್ಯಾಶ್‌ಬೋರ್ಡಿನ ಹಿಂದೆ ನಾಲ್ಕು ಗಂಟು

ಗಾಳಿ ಬಂದಾಗ ಮೂಗು ಮುಚ್ಚಿಕೋ ಎಂದು ಹಿರಿಯರು ಹೇಳಿದ್ದಾರೆ. 'ತೂರಿಕೋ' ಎಂದಿದ್ದರು ಎಂದು ನೀವು ತಕರಾರು ತೆಗೆಯಬಹುದು. ತೆಗೆಯಿರಿ. ಆದರೆ ಆ ಹಿರಿಯರು ಯಾರೂ ಕೊಟ್ರಬಸಪ್ಪ ಸಾಹುಕಾರರ ಕಾರಿನಲ್ಲಿ ಕೂತಿರಲಿಲ್ಲ. ಇದು ಅಪ್ಪಟ ನಿಜ. ನನ್ನ ಸುಳ್ಳುಗಳೇ ಬೇರೆ, ಅವು ಇದಕ್ಕಿಂತ ಚೆನ್ನಾಗಿರುತ್ತವೆ.

"ಹೀಟರ್ ಹಚ್ಚೋ ಗಾಳ್ಯಾ," ಎಂದಳು ಅಬೇದಾಬಿ.

ಮೇ ತಿಂಗಳು, ಮಧ್ಯಾಹ್ನ ಎರಡೂವರೆ. ಠಾಣೆಯ ಅಂಗಳದಲ್ಲಿದ್ದ ಬೇವಿನ ಮರವೇ ನೆರಳು ಹುಡುಕುವಂತಿತ್ತು.

"ಖಾಲಾ, ಎ.ಸಿ. ಅನ್ನಾಕ ಹೋಗಿ ಹೀಟರ್ ಅಂದಿಯೇನು?"

"ನಿನ್ನ ಕಿವಿಗೂ ಫಿಲ್ಟರ್ ಕಟ್ಟೈತೇನು? ಹೀಟರ್ ಅಂದೆ. ಹಚ್ಚು."

ಹಿಂದಿನ ದಿನ ಕೊಪ್ಪಳಕ್ಕೆ ಹೋಗುವ ದಾರಿಯಲ್ಲಿ, ಹುಲಿಗಿಯ ಗುಡಿಯ ಹತ್ತಿರ ಇದೇ ಬಿಳಿ ಕಾರಿನೊಳಗೆ, ಗಾಜು ಏರಿಸಿ ಎ.ಸಿ. ಹಚ್ಚಿಕೊಂಡು ಕೂತಿದ್ದ ಕಾರಟಗಿಯ ಅಕ್ಕಿ ಮಿಲ್ಲಿನ ಕೊಟ್ರಬಸಪ್ಪ ವಾಂತಿ ಮಾಡಿಕೊಂಡು ಪ್ರಜ್ಞೆ ತಪ್ಪಿ ಬಿದ್ದಿದ್ದರು. ಅವರಿಗೆ ಚಹಾ ತಂದುಕೊಟ್ಟಿದ್ದ ಡ್ರೈವರ್ ತಿರುಮಲೇಶ ಈಗ ಲಾಕಪ್ಪಿನಲ್ಲಿದ್ದ. ಸಾಹುಕಾರರು ಕೊಪ್ಪಳದ ಆಸ್ಪತ್ರೆಯಲ್ಲಿದ್ದರು.

ಐದು ಗಂಟೆಗೆ ತಿರುಮಲೇಶನನ್ನು ಕೋರ್ಟಿಗೆ ಒಯ್ಯುತ್ತಾರೆ. ಅಷ್ಟರೊಳಗೆ ವಿಷ ಬಂದದ್ದು ಚಹಾದಿಂದಲ್ಲ, ಕಾರಿನಿಂದ ಎಂದು ತೋರಿಸಬೇಕು. ತೋರಿಸಬೇಕಾದವಳು ಗಂಗಾವತಿಯ ಬೈಪಾಸಿನಲ್ಲಿ ಮೂವತ್ತು ವರ್ಷದಿಂದ ಕಾರಿನ ಎ.ಸಿ. ರಿಪೇರಿ ಮಾಡುವ ಅಬೇದಾಬಿ. ಅವಳ ಪಾನಾ ಹಿಡಿಯುವವನು ಗಾಳೇಶನೆಂಬ ನಾನು. ಬಿ.ಎ. ಓದಿ ಎ.ಸಿ.ಗೆ ಬಂದವನು, ಅಕ್ಷರಮಾಲೆಯಲ್ಲಿ ಮಾತ್ರ ಬಡ್ತಿ.

ಗೋಡೆಗೆ ಒರಗಿ ತಿರುಮಲೇಶನ ಹೆಂಡತಿ ಅಮೃತಾ ನಿಂತಿದ್ದಳು. ಬೆಳಗಿನಿಂದ ಅವಳು ಕೂತಿರಲಿಲ್ಲ. ಕೂತರೆ ಗಂಡನ ಕಡೆಗಿನ ಕಿಟಕಿ ಕಾಣುವುದಿಲ್ಲ ಎಂಬ ಕಾರಣಕ್ಕೆ.

ನಾನು ಗುಂಡಿಯನ್ನು ಕೆಂಪಿನತ್ತ ತಿರುಗಿಸಿದೆ. ಭತ್ತ ಬೇಯಿಸುವ ಬಾಯ್ಲರ್ ಮುಖದ ಮೇಲೆ ಉಸಿರು ಬಿಟ್ಟಂತಾಯಿತು. ಅಬೇದಾಬಿ ಪಕ್ಕದ ಬಾಗಿಲಿನಿಂದ ತಲೆ ಹಾಕಿ, ಮುಂದಿನ ಗಾಜಿನ ಮೇಲೆ ಬೆರಳೆಳೆದು, ಬೆರಳನ್ನು ಮೂಸಿದಳು.

"ಗಾಜಿಗೆ ಮಂಜು ಹಿಡದಿಲ್ಲ. ಅಂಟಿಲ್ಲ, ಸಿಹಿ ವಾಸ್ನಿ ಇಲ್ಲ. ಬರಕೋರಿ ಮೇಡಂ, ಹೀಟರಿನ ನೀರು ಒಳಗ ಸೋರಿಲ್ಲ."

ಪಿ.ಎಸ್.ಐ. ದೀಪಿಕಾ ಬರೆದುಕೊಳ್ಳಲಿಲ್ಲ. ಕುಷ್ಟಗಿಯ ಹೆಣ್ಣುಮಗಳು, ಬಿಸಿಲಿಗೂ ಬಾಯಿಮಾತಿಗೂ ಸುಲಭಕ್ಕೆ ಕರಗುವವರಲ್ಲ. "ನೀರು ಕುಡುದು ಯಾರೂ ಬಿದ್ದಿಲ್ರಿ ಅಬೇದಾಬಿ. ಎ.ಸಿ. ಗ್ಯಾಸ್ ಸೋರಿರಬಹುದು ಅಂತೀರೇನು, ಅದನ್ನ ಹೇಳ್ರಿ."

ಅಬೇದಾಬಿ ಬಾನೆಟ್ ಎತ್ತಿ ನೀಲಿ ಕೆಂಪು ಗೇಜುಗಳನ್ನು ಪೈಪಿಗೆ ಸಿಕ್ಕಿಸಿದಳು. ನಾನು ಎ.ಸಿ. ಹಚ್ಚಿದೆ. ಕಂಪ್ರೆಸರ್ 'ಟಕ್' ಎಂದು ಹಿಡಿಯಿತು.

"ಗ್ಯಾಸ್ ಸೋರಿದ್ರ ಈ ಮುಳ್ಳು ಮಕಾಡೆ ಮಲಗಿರಬೇಕಿತ್ತು. ನೋಡ್ರಿ, ಮದುವಿ ಮನಿ ಬೀಗರಂಗ ಎದ್ದು ಕುಂತೈತಿ. ಪೈಪ್ ಮುಟ್ರಿ, ಬೆವರಾಕತ್ತೈತಿ. ಗ್ಯಾಸ್ ಎಲ್ಲಿತ್ತೋ ಅಲ್ಲೇ ಐತಿ."

"ಹೊಗಿ?"

ಅಬೇದಾಬಿ ಸೈಲೆನ್ಸರಿನ ಬಾಯಿಗೆ ಬಟ್ಟೆ ಒತ್ತಿ ಹಿಡಿಯಲು ನನಗೆ ಹೇಳಿ, ಇಂಜಿನ್ನಿನ ಸುತ್ತ ಬಗ್ಗಿ ಕಿವಿಗೊಟ್ಟಳು. ಎಲ್ಲೂ 'ಪುಸ್' ಎನ್ನಲಿಲ್ಲ. ಹೊಗೆಯೂ ಸೋರುತ್ತಿರಲಿಲ್ಲ.

"ಮೂರೂ ಇಲ್ಲ," ಎಂದರು ದೀಪಿಕಾ, ವಾಚು ನೋಡಿ. "ಅಂದ್ರ ಕಾರಿನ ತಪ್ಪಿಲ್ಲ. ಕಾರು ನಡಸಿದವನದು."

ಅಮೃತಾಳ ಕೈಯಲ್ಲಿದ್ದ ನೀರಿನ ಬಾಟಲಿ ಚರಚರ ಸದ್ದು ಮಾಡಿ ಚಪ್ಪಟೆಯಾಯಿತು.

"ಅಕ್ಕಾರ, ಇನ್ನೊಂದು ಸಲ ನೋಡ್ರಿ," ಎಂದಳು ಅವಳು ಅಬೇದಾಬಿಗೆ. "ನಿಮ್ಮ ಕಾಲಿಗೆ ಬೀಳ್ತೀನಿ. ಅವರು ಇಲಿ ಸತ್ರೂ ಮಣ್ಣು ಮಾಡಿ ಬರೋ ಮನಿಷಾರ್ರಿ."

"ಕಾಲು ಬಿಡು ಬೇಟಿ. ಕಾಲಿನ್ಯಾಗ ಕೆಲಸಿಲ್ಲ, ಕಿವ್ಯಾಗ ಐತಿ." ಅಬೇದಾಬಿ ಲಾಕಪ್ಪಿನ ಕಿಟಕಿಯತ್ತ ಹೋದಳು. "ತಿರುಮಲೇಶ, ನಿನ್ನಿ ಕಾರು ಏನಂತಿತ್ತು? ನಿನ್ನ ಸುದ್ದಿ ಬ್ಯಾಡ, ಕಾರಿನ ಸುದ್ದಿ ಹೇಳು."

ಒಳಗಿನಿಂದ ಬಂದ ಧ್ವನಿ ಒಣಗಿತ್ತು.

"ತಂಪಿತ್ರಿ ಖಾಲಾ. ಗಾಳಿ ಇದ್ದಿಲ್ಲ. ಮೊನ್ನಿ ಸಂಜೀತನಕ ಭರ್ ಅಂತಿತ್ತು. ನಿನ್ನಿ ಮುಂಜಾನೆ ಮಿಲ್ಲಿನ್ಯಾಗಿಂದ ತಗದ ಕೂಡ್ಲೆ ದಮ್ಮಿನ ಮುದುಕನಂಗ ಉಸರಾಡಾಕ ಹತ್ತಿತ್ತು. ನಾಕರಾಗ ಇಟ್ರ ಎರಡರ ಗಾಳಿ."

"ನಿನಗೇನೂ ಆಗಲಿಲ್ಲಲ್ಲ, ಅದು ಹೆಂಗ?" ದೀಪಿಕಾ ಕೇಳಿದರು. ಹತ್ತನೆಯ ಸಲವಿರಬೇಕು.

"ತಲಿ ಸಿಡಿಯಾಕತ್ತಿತ್ರಿ ಮೇಡಂ. ನಾ ದಾರಿ ತುಂಬ ನನ್ನ ಗಾಜು ಇಳಿಸಿದ್ದೆ, ಎಲಿ ಅಡಿಕಿ ಉಗಳಾಕ. ಹುಲಿಗ್ಯಾಗ ಸಾವ್ಕಾರ್ರು ಮೊಣಕಾಲು ನೋವು, ನೀನ ಕಾಯಿ ಒಡಿಸಿಕೊಂಡು ಬಾ ಅಂದ್ರು. ಚಾ ಕೊಟ್ಟು, ಎಲ್ಲಾ ಗಾಜು ಏರಿಸಿ, ಎ.ಸಿ. ಹಚ್ಚಿ ಹೋದೆ. ಪಾಳಿ ಭಾಳಿತ್ತು. ಮುಕ್ಕಾಲು ತಾಸು..."

ಅವನು ಸರಳಿಗೆ ಹಣೆಯೊತ್ತಿದ.

ಅಬೇದಾಬಿ ಮರಳಿ ಬಂದು, ನನ್ನನ್ನು ಮತ್ತೆ ಕಾರಿನೊಳಗೆ ಕೂರಿಸಿ, ನನ್ನ ಕಿಸೆಯಲ್ಲಿದ್ದ ಬಸ್ ಟಿಕೆಟ್ ಕಿತ್ತುಕೊಂಡು, ಗಾಳಿ ಬರುವ ಜಾಲರಿಯ ಮುಂದೆ ಹಿಡಿದಳು. ಬ್ಲೋವರ್ ನಾಲ್ಕರಲ್ಲಿತ್ತು. ಟಿಕೆಟ್ ಎದ್ದು ಪಟಪಟಿಸಬೇಕಿತ್ತು. ಎದ್ದಂತೆ ಮಾಡಿ ಮತ್ತೆ ಮಲಗಿತು.

"ಯಂತ್ರ ಛಲೋ ಐತಿ," ಎಂದಳು. "ಗಂಟಲದಾಗ ಏನೋ ಸಿಕ್ಕೈತಿ."

ಅವಳು ಜಾಲರಿಗೆ ಮೂಗು ತಂದಳು. ತಂದವಳೇ ಹಿಂದಕ್ಕೆ ಹಾರಿದಳು. ಅರವತ್ತರ ಹತ್ತಿರದ ಹೆಂಗಸು ಹಾಗೆ ಹಾರಿದ್ದನ್ನು ನಾನು ಹಿಂದೆ ನೋಡಿರಲಿಲ್ಲ.

"ಬಂದ್ ಮಾಡು! ಕೆಳಗ ಇಳಿ! ನಾಕೂ ಬಾಗಿಲ ತಗಿ!"

"ಏನಾತು?"

"ಬೆಳ್ಳುಳ್ಳಿ."

"ಅದು ನಾನು ಖಾಲಾ. ಮಧ್ಯಾಹ್ನ ಬೆಳ್ಳುಳ್ಳಿ ಖಾರ..."

"ನಿನ್ನ ಬಾಯಿ ನನಗ ಗೊತ್ತೈತಿ. ಇದು ಬಾಯಿದಲ್ಲ. ಇಳಿ ಅಂದ್ನಿಲ್ಲ!"

ನಾನು ಆ ಹೊತ್ತಿಗೆ ಕಾರಿನೊಳಗೆ ಒಟ್ಟು ಹತ್ತು ನಿಮಿಷ ಕಳೆದಿದ್ದೆ. ನಾಲ್ಕೂ ಬಾಗಿಲು ತೆಗೆದು ದೂರ ಓಡಿದೆ.

ಅಬೇದಾಬಿ ಎಲ್ಲರನ್ನೂ ಗಾಳಿ ಬೀಸುವ ಕಡೆಗೆ ನಿಲ್ಲಿಸಿದಳು. ಕಾಲು ತಾಸು ಕಾರು ಬಾಗಿಲು ತೆರೆದುಕೊಂಡು ಬಿಸಿಲಿಗೆ ನಿಂತಿತು. ಆ ಕಾಲು ತಾಸನ್ನು ಅಮೃತಾ ವಾಚಿಲ್ಲದೆಯೇ ಎಣಿಸಿದಳು. ಅವಳ ತುಟಿ ಅಲ್ಲಾಡುತ್ತಿದ್ದುದು ನನಗೆ ಕಾಣುತ್ತಿತ್ತು.

ಆಮೇಲೆ ಅಬೇದಾಬಿ ಕೈಗವಸು ಹಾಕಿ, ಮೂಗು ಬಾಯಿಗೆ ಸೆರಗು ಬಿಗಿದು, ಡ್ಯಾಶ್‌ಬೋರ್ಡಿನ ಖಾನೆಯನ್ನೇ ಕಳಚಿದಳು. ಅದರ ಹಿಂದೆ ಒಳಗಿನ ಗಾಳಿಯನ್ನು ಸೋಸುವ ಫಿಲ್ಟರಿನ ಕಿಂಡಿ. ಮುಚ್ಚಳ ತೆಗೆದಾಗ ಒಂದು ಮುಷ್ಟಿ ಭತ್ತದ ಹೊಟ್ಟು, ಇಲಿ ಕಡಿದ ವೈರಿನ ತುಂಡು ಉದುರಿದವು. ಮಿಲ್ಲುಗಳಲ್ಲಿ ನಿಲ್ಲುವ ಎಲ್ಲ ಕಾರುಗಳ ಹಣೆಬರಹವೂ ಇದೇ.

ಇಕ್ಕಳ ಒಳಗೆ ಹೋಯಿತು.

ಒಂದು ಗಂಟು ಬಂತು. ಗೋಣಿತಟ್ಟಿನ ತುಂಡು, ಚೀಲ ಹೊಲಿಯುವ ದಾರದಿಂದ ಕಟ್ಟಿದ್ದು. ಅಂಥದೇ ಇನ್ನೊಂದು. ಅಂಥದೇ ಮತ್ತೊಂದು.

ಅಬೇದಾಬಿ ಅವುಗಳನ್ನು ಕಬ್ಬಿಣದ ತಟ್ಟೆಯ ಮೇಲೆ ಇಟ್ಟು, ತುದಿಯಿಂದ ಬಿಚ್ಚಿದಳು. ಬೂದು ಬಣ್ಣದ ಪುಡಿ.

"ಅಕ್ಕಿ ಗುಳಿಗಿ," ಎಂದಳು. "ಗೋದಾಮಿನ್ಯಾಗ ಚೀಲದ ಮ್ಯಾಲ ತಾಡಪಾಲ ಹೊಚ್ಚಿ ಒಳಗ ಇಡ್ತಾರಲ್ರಿ, ಹುಳ ಸಾಯಾಕ? ಅದು. ಗಾಳಿ ಹಸಿ ತಗಲಿದ್ರ ವಿಷದ ಗ್ಯಾಸ್ ಬಿಟ್ಟು ಬೂದಿ ಆಗ್ತೈತಿ. ವಾರಗಟ್ಲೆ ಒಳಗ ಯಾರನ್ನೂ ಬಿಡಂಗಿಲ್ಲ. ಇಲ್ಲಿ ಗೋದಾಮಿನ ಬದಲಿ ಕಾರು, ತಾಡಪಾಲದ ಬದಲಿ ಗಾಜು. ಹುಳದ ಬದಲಿ ಸಾವ್ಕಾರ್ರು."

ದೀಪಿಕಾ ಆಗಲೇ ಆಸ್ಪತ್ರೆಗೆ ಫೋನ್ ಹಚ್ಚಿದ್ದರು. ಡಾಕ್ಟರು ಆಡಿದ್ದು ಎರಡೇ ಮಾತು. ಈ ವಿಷಕ್ಕೆ ಇದೇ ಮದ್ದು ಎಂಬುದಿಲ್ಲ, ಆದರೆ ಏನೆಂದು ತಿಳಿದದ್ದು ಒಳ್ಳೆಯದಾಯಿತು. ಮತ್ತೆ, ಸಾಹುಕಾರರು ಬೆರಳು ಅಲ್ಲಾಡಿಸಿದ್ದಾರೆ.

"ಹುಲಿಗೆಮ್ಮಾ, ನನ್ನವ್ವಾ!" ಎಂದಳು ಅಮೃತಾ. ಬೆಳಗಿನಿಂದ ಮೊದಲ ಸಲ ಅವಳ ಹಲ್ಲು ಕಂಡವು. "ಚಾದಾಗ ಇದ್ದಿಲ್ಲ ನೋಡ್ರಿ ಮೇಡಂ! ನಾ ಹೇಳಿದ್ನಿಲ್ಲ? ಚಾದಾಗ..."

ಇಕ್ಕಳ ನಾಲ್ಕನೆಯ ಗಂಟನ್ನು ಹೊರತಂದಿತು.

ಅದು ಗೋಣಿತಟ್ಟಲ್ಲ. ಅರಿಸಿನ ಬಣ್ಣದ ನೂಲಿನ ಸೀರೆಯ ತುಂಡು. ಅಂಚಿಗೆ ಗಿಳಿಹಸಿರು ದಡಿ.

ಅಮೃತಾ ಕೂತುಬಿಟ್ಟಳು. ಬೆಳಗಿನಿಂದ ಕೂರದವಳು, ಸುಡುವ ನೆಲದ ಮೇಲೆ.

"ಅದು ನನ್ನ ಸೀರಿ," ಎಂದಳು.

ಯಾರೂ ಕೇಳಿರಲಿಲ್ಲ. ಕೇಳುವ ಮೊದಲೇ ಹೇಳಿಬಿಟ್ಟಳು. ಬಚ್ಚಿಡುವುದು ಗೊತ್ತಿಲ್ಲದವರ ಪಾಡೇ ಇದು.

"ಇಲಿ ವೈರ್ ಕಡದು ಎರಡು ಸಲ ಕಾರು ನಿಂತಿತ್ರಿ. ಸಾವ್ಕಾರ್ರು ಇವರಿಗೆ ಬಾಯಿಗೆ ಬಂದಂಗ ಬೈದ್ರು. ನಮ್ಮ ಮನ್ಯಾಗ ಅಕ್ಕಿ ಡ್ರಮ್ಮಿನ್ಯಾಗ ಗುಳಿಗಿ ಅರಿವ್ಯಾಗ ಕಟ್ಟಿ ಇಡ್ತೀವ್ರಿ. ಅತ್ತಿ ಇಡ್ತಿದ್ರು, ನಾನೂ ಇಡ್ತೀನಿ. ಇವರು ಫಿಲ್ಟರ್ ಜಾಡಿಸೋದು ನೋಡಿದ್ದೆ. ಎಂಟು ದಿನದ ಹಿಂದ, ಇವರು ಕಾರು ಮನಿ ಮುಂದ ನಿಲ್ಲಿಸಿ ಜಳಕಕ್ಕ ಹೋದಾಗ ಇಟ್ಟೆ. ಇಲಿಗಿ ಅಂತ ಇಟ್ಟೇನ್ರಿ. ಗಾಳಿ ಮನಿಷಾರ ಮ್ಯಾಲ ಬರ್ತೈತಿ ಅಂತ... ನನಗ ಹೊಳೀಲಿಲ್ರಿ."

"ಆವತ್ತು ಗಂಡಗ ಏನೂ ಆಗಲಿಲ್ಲೇನು?" ಅಬೇದಾಬಿ ಮೆಲ್ಲಗೆ ಕೇಳಿದಳು.

"ಮರುದಿನ ವಾಂತಿ ಮಾಡಿದ್ರು. ಮಿರ್ಚಿ ತಿಂದದ್ದಕ್ಕ ಅಂತ ನಾನ ಬೈದೆ."

ಆಗ ಲಾಕಪ್ಪಿನ ಕಿಟಕಿಯಿಂದ ತಿರುಮಲೇಶ ಅರಚಿದ.

"ಏ ಅಮೃತಾ, ಬಾಯಿ ಮುಚ್ಚಲೇ! ಸುಳ್ಳ ಹೇಳ್ತಾಳ್ರಿ ಮೇಡಂ! ನಾನ ಇಟ್ಟೀನಿ. ನಾಕೂ ನಾನ ಇಟ್ಟೀನಿ. ಬರಕೋರಿ!"

"ನೀವು ಸುಮ್ಮಕುಂದರ್ರಿ! ನಿಮಗ ಗೊತ್ತ ಇದ್ದಿಲ್ಲ!"

"ಗೊತ್ತಿತ್ತು! ಬರಕೋರಿ ಮೇಡಂ, ನನಗ ಎಲ್ಲಾ ಗೊತ್ತಿತ್ತು!"

ಗಂಡ ಹೆಂಡಿರು ಜಗಳವಾಡುವುದನ್ನು ಬೇಕಾದಷ್ಟು ನೋಡಿದ್ದೇನೆ. ಜೈಲಿನ ಜಾಗಕ್ಕಾಗಿ ಜಗಳವಾಡಿದ್ದನ್ನು ನೋಡಿರಲಿಲ್ಲ. ವರಾಂಡದಲ್ಲಿದ್ದ ಪೇದೆ ನಿಜವಾಗಿಯೂ ಬರೆದುಕೊಳ್ಳತೊಡಗಿದ್ದ.

"ಒಂದು ನಿಮಿಷ," ಎಂದಳು ಅಬೇದಾಬಿ. ಇಕ್ಕಳದ ತುದಿಯಿಂದ ಹಳದಿ ಗಂಟಿನ ಪುಡಿ ಕೆದಕಿದಳು. ನುಣ್ಣಗೆ ಹರಡಿತು. ಗೋಣಿತಟ್ಟಿನ ಗಂಟನ್ನು ಕೆದಕಿದಳು. ಒಳಗೆ ಕಡಲೆಕಾಳಿನಷ್ಟು ಗಟ್ಟಿ ಹರಳು ಸಿಕ್ಕಿತು. ಮೂರರಲ್ಲೂ.

"ನೋಡ್ರಿ ಮೇಡಂ. ಈಕಿದು ಪೂರ್ತಿ ಬೂದಿ, ಎಂದೋ ಸತ್ತು ಹೋಗೈತಿ. ಈ ಮೂರಕ್ಕ ಇನ್ನೂ ಜೀವ ಐತಿ. ಮೊನ್ನಿ ಸಂಜಿ ಗಾಳಿ ಛಲೋ ಇತ್ತು, ನಿನ್ನಿ ಮುಂಜಾನೆ ಇದ್ದಿಲ್ಲ. ನಡುವ ಯಾರೋ ಮೂರು ಗಂಟು ತುರುಕ್ಯಾರ."

"ನೀನು ಎಷ್ಟು ಇಟ್ಟಿದ್ದಿ?" ದೀಪಿಕಾ ಅಮೃತಾಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಒಂದ ರೀ. ಹುಲಿಗೆಮ್ಮನ ಆಣಿ, ಒಂದ."

"ಗುಳಿಗಿ ಎಲ್ಲಿಂದ ತಂದಿ?"

"ಮಿಲ್ಲಿನ ಮ್ಯಾನೇಜರ್ ಕಳಕಪ್ಪಣ್ಣ ಕೊಟ್ಟ. ಎದಕ್ಕ ಅಂತ ಕೇಳಿದ. ಇಲಿಗಿ, ಕಾರಿನ ಫಿಲ್ಟರಿನ್ಯಾಗ ಇಡ್ತೀನಿ ಅಂದೆ. ಭಾಳ ಶ್ಯಾಣ್ಯಾಕಿ ಅದಿ ಅಂದ."

ಅಬೇದಾಬಿ ನನ್ನನ್ನು ನೋಡಿದಳು. ನಾನು ದೀಪಿಕಾರನ್ನು ನೋಡಿದೆ.

"ಮಿಲ್ಲಿನ್ಯಾಗ ಕಾರಿನ ಕೀಲಿ ಎಲ್ಲಿರತೈತಿ?" ದೀಪಿಕಾ ಮುಂದುವರಿಸಿದರು.

"ಕಳಕಪ್ಪಣ್ಣನ ಮೇಜಿನ ಮ್ಯಾಲ, ಗ್ವಾಡಿ ಮೊಳಿಗೆ ತೂಗಬಿಟ್ಟಿರ್ತಾರ್ರಿ."

"ಸಾವ್ಕಾರ್ರು ನಿನ್ನಿ ಕೊಪ್ಪಳಕ್ಕ ಯಾಕ ಹೊಂಟಿದ್ರು?"

"ಗೋದಾಮಿನ್ಯಾಗ ರೇಶನ್ ಅಕ್ಕಿ ಸಿಕ್ಕಿತ್ತಂತ್ರಿ. ತಮಗ ಗೊತ್ತಿಲ್ದಂಗ ಯಾರೋ ತಮ್ಮ ಮಿಲ್ಲಿನ್ಯಾಗ ಪಾಲಿಶ್ ಮಾಡಾಕತ್ಯಾರ ಅಂತ, ಆಫೀಸರಿಗೆ ತಿಳಸಾಕ ಹೊಂಟಿದ್ರು."

ಗೋದಾಮಿನ ಕೀಲಿ ಯಾರ ಕೈಯಲ್ಲಿ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ದೀಪಿಕಾ ಎದ್ದು ನಿಂತರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ. "ನನಗ ಗೊತ್ತಾತು. ಆದ್ರ ಗೊತ್ತಾಗೋದು ಬ್ಯಾರೆ, ಬರಿಯೋದು ಬ್ಯಾರೆ. ಗುಳಿಗಿ ಇಟ್ಟೀನಿ ಅಂತ ಈಕಿ ಒಪ್ಪಿಕೊಂಡಾಳ. ನಾಕೂ ಇಟ್ಟೀನಿ ಅಂತ ಅವ ಕೂಗ್ಯಾನ. ಗೋಣಿತಟ್ಟು, ದಾರ, ಮಿಲ್ಲಿನ ಡ್ರೈವರಿಗೂ ಸಿಗ್ತಾವ. ಕಳಕಪ್ಪನ ಹೆಸರು ಎಲ್ಲೈತಿ? ಐದಕ್ಕ ನಾ ಇಬ್ರನ್ನೂ ಒಯ್ಯಬೇಕಾಗ್ತೈತಿ."

ನಾಲ್ಕು ಗಂಟೆ ಹತ್ತು ನಿಮಿಷ.

ಅಮೃತಾ ಅಳಲಿಲ್ಲ. "ಮನ್ಯಾಗ ಅಕ್ಕಿ ಡ್ರಮ್ಮಿನ್ಯಾಗೂ ಒಂದು ಐತ್ರಿ," ಎಂದಳು ಅಬೇದಾಬಿಗೆ. "ಮಕ್ಕಳು ಮುಟ್ಟಿಗಿಟ್ಯಾರು. ಯಾರನ್ನಾರ ಕಳಿಸಿ ತಗಸ್ರಿ."

ಆ ಮಾತಿಗೆ ನನ್ನ ತಲೆ ಕೆಟ್ಟಿತು.

ನನಗೊಂದು ಚಟವಿದೆ. ಯಾರ ಧ್ವನಿಯಾದರೂ ಎರಡು ಸಲ ಕಿವಿಗೆ ಬಿದ್ದರೆ ಮೂರನೆಯ ಸಲ ನನ್ನ ಬಾಯಿಂದ ಬರುತ್ತದೆ. ಕೊಟ್ರಬಸಪ್ಪನವರು ನಮ್ಮ ಶೆಡ್ಡಿಗೆ ಬೇಸಿಗೆಗೊಮ್ಮೆ ಬರುವವರು: ಮೊದಲು ಎರಡು ಕೆಮ್ಮು, ಆಮೇಲೆ ಮೂಗಿನಲ್ಲಿ ಒಂದು ಹೂಂಕಾರ, ಆಮೇಲೆ ಬೈಗುಳ. ಅವರು ಬೆರಳು ಅಲ್ಲಾಡಿಸಿದ್ದಾರೆ ಎಂದರೆ, ಬಾಯಿಯನ್ನೂ ಆಡಿಸಿರಬಹುದಲ್ಲ?

"ಮೇಡಂ, ಕಳಕಪ್ಪನ ನಂಬರ್ ಕೊಡ್ರಿ. ಸಾವ್ಕಾರ್ರು ಮಾತಾಡ್ತಾರ."

ದೀಪಿಕಾ ನನ್ನನ್ನು ದಿಟ್ಟಿಸಿದರು. ಆಮೇಲೆ ಬೇವಿನ ಮರದತ್ತ ತಿರುಗಿ ನಿಂತು, "ನನಗೇನೂ ಕೇಳಿಸಿಲ್ಲ. ಸ್ಪೀಕರ್ ಹಾಕು," ಎಂದರು.

"ಬ್ಯಾಡೋ ಗಾಳ್ಯಾ," ಎಂದಳು ಅಬೇದಾಬಿ. "ಗೇಜು ಹಚ್ಚದ ಗ್ಯಾಸ್ ತುಂಬಬ್ಯಾಡ. ಅವ ಎಲ್ಲಿ ಅದಾನ, ಏನು ಮಾಡಾಕತ್ಯಾನ, ಗೊತ್ತೇನು ನಿನಗ?"

"ಮಿಲ್ಲಿನ್ಯಾಗ ಇರ್ತಾನ ಖಾಲಾ, ಮತ್ತೆಲ್ಲಿ?"

ಅಮೃತಾ ಹೇಳಿದ ನಂಬರನ್ನು ಒತ್ತಿದೆ. ನಾಲ್ಕು ಸಲ ರಿಂಗಾಯಿತು.

"ಹಲೋ, ಯಾರ್ರಿ?"

ನಾನು ಎರಡು ಸಲ ಕೆಮ್ಮಿದೆ. ಹೂಂಕರಿಸಿದೆ. "ಏ ಕಳಕ್ಯಾ. ಸತ್ತಾನ ಅಂದಕೊಂಡಿದ್ದಿಯೇನ್ಲೇ ನಿಮ್ಮ ಸಾವ್ಕಾರ? ನರ್ಸಮ್ಮನ ಫೋನಿನ್ಯಾಗ ಮಾತಾಡಾಕತ್ತೀನಿ."

ಆ ಕಡೆ ಕುರ್ಚಿ ಸರಿದ ಸದ್ದು.

ಅಮೃತಾ ಬಾಯಿಗೆ ಸೆರಗು ತುರುಕಿಕೊಂಡಳು. ಪೇದೆಯ ಪೆನ್ನು ನಿಂತಿತು. ಸ್ವತಃ ಸಾಹುಕಾರರೇ ಎದುರಿಗಿದ್ದರೂ ನನ್ನ ಮಾತಿಗೆ 'ಹೌದು' ಎನ್ನುತ್ತಿದ್ದರು, ಅಷ್ಟು ಹದವಾಗಿ ಬಂದಿತ್ತು.

"ಮೊನ್ನಿ ಸಂಜಿ ನನ್ನ ಕಾರಿನ ಕೀಲಿ ತಗೊಂಡು ಏನು ಮಾಡಿದಿ? ಮೂರು ಗಂಟು ಸಿಕ್ಕಾವ ಪೊಲೀಸ್ರಿಗೆ. ಈಗ ನನ್ನ ಮುಂದ ಬಾಯಿ ಬಿಟ್ರ ಉಳಿಸಿಕೋತೀನಿ. ಇಲ್ಲಂದ್ರ ನಿನ್ನ..."

"ಸಾವ್ಕಾರ್ರ," ಎಂದ ಕಳಕಪ್ಪ. ಧ್ವನಿ ನಡುಗುತ್ತಿತ್ತು. "ಸಾವ್ಕಾರ್ರ, ನೀವು ಮಾತಾಡಾಕತ್ತೀರಿ?"

"ಮತ್ಯಾರು, ನಿಮ್ಮಪ್ಪನೇನು?"

ಆ ನಡುಕ ಅಳುವೆಂದುಕೊಂಡೆ. ದೀಪಿಕಾ ಕೂಡ ಹಾಗೇ ಅಂದುಕೊಂಡಿರಬೇಕು, ಮರ ಬಿಟ್ಟು ಎರಡು ಹೆಜ್ಜೆ ಹತ್ತಿರ ಬಂದರು. ನಡುಕ ದೊಡ್ಡದಾಯಿತು. ಒಡೆಯಿತು.

ಅವನು ನಗುತ್ತಿದ್ದ.

"ಅಬ್ಬಬ್ಬಾ! ಆ ಕೆಮ್ಮು! ಆ ಹೂಂ! ಅಬೇದಾಬಿ ಶೆಡ್ಡಿನ ಗಾಳೇಶ ಅಲ್ಲೇನು ನೀನು? ಭಾಳ ಛಲೋ ಮಾಡ್ತಿಯೋ ತಮ್ಮಾ. ಆದ್ರ ಸಾವ್ಕಾರ್ರ ಬಾಯಾಗ ನಳಗಿ ಐತಿ. ನಾನ ನೋಡಾಕತ್ತೀನಲ್ಲ, ಮಂಚದ ಬಾಜೂಕ ಕುಂತು."

ಆಗ ಕೇಳಿಸಿತು, ಅವನ ನಗೆಯ ಹಿಂದೆ, ಸಣ್ಣಗೆ: ಬೀಪ್. ಬೀಪ್. ಬೀಪ್.

"ಮನಿಯವ್ರೆಲ್ಲಾ ಚಾ ಕುಡಿಯಾಕ ಹೋಗ್ಯಾರ. ನಂಬಿಗಸ್ಥ ಅಂತ ನನ್ನ ಕುಂದರ್ಸ್ಯಾರ. ಮೂರು ಗಂಟು ಸಿಕ್ಕಾವಂತ ತಿಳಿಸಿದ್ದು ಛಲೋ ಆತು ನೋಡು."

"ಜೀಪ್ ತಗಿ!" ದೀಪಿಕಾ ಓಡಿದರು. ಇನ್ನೊಂದು ಫೋನಿನಲ್ಲಿ ಆಸ್ಪತ್ರೆಯ ನಂಬರು ಒತ್ತುತ್ತಲೇ ಓಡಿದರು. ಅದು ಎಂಗೇಜ್ ಎಂದಿತು. ಮತ್ತೆ ಒತ್ತಿದರು. ಮತ್ತೆ ಎಂಗೇಜ್.

ಅಬೇದಾಬಿ ನನ್ನ ಕೈಯಿಂದ ಫೋನ್ ಕಸಿದುಕೊಂಡು, "ಕಳಕಪ್ಪಾ, ಮಂಚ ಮುಟ್ಟಬ್ಯಾಡ, ಕೇಳು ನನ್ನ ಮಾತು, ಬೇಟಾ, ಕೇಳು," ಎನ್ನುತ್ತಿದ್ದಳು. ಕಿಟಕಿಯ ಸರಳಿಗೆ ತಿರುಮಲೇಶ ತಲೆ ಚಚ್ಚಿಕೊಳ್ಳುತ್ತಿದ್ದ. ಅಮೃತಾ ಚಪ್ಪಲಿ ಬಿಟ್ಟು ಜೀಪಿನ ಹಿಂದೆ ಓಡಿದಳು.

ಸ್ಪೀಕರಿನಲ್ಲಿ ಕಳಕಪ್ಪ ಇನ್ನೂ ನಗುತ್ತಲೇ ಇದ್ದ. ನನ್ನ ಮಿಮಿಕ್ರಿಗೆ ಇಷ್ಟು ವರ್ಷಗಳಲ್ಲಿ ಯಾರೂ ಅಷ್ಟು ಜೋರಾಗಿ ನಕ್ಕಿರಲಿಲ್ಲ. ಆ ನಗೆಗೆ ಬೀಪ್ ಸದ್ದು ಕೇಳಿಸದಂತಾಯಿತೋ, ನಿಜವಾಗಿಯೂ ನಿಂತೇಹೋಯಿತೋ, ಅಬೇದಾಬಿಯ ಕೈಯಲ್ಲಿದ್ದ ಫೋನಿಗೆ ಎಷ್ಟು ಕಿವಿ ಒತ್ತಿದರೂ ನನಗೆ ತಿಳಿಯಲಿಲ್ಲ.